ಹೂವಿನ ಕೆಳಗಿದ್ದ ಆನೆ

ದೀಪ ಹಚ್ಚಿ, ಶಿವನ ಹೆಸರು ಹೇಳಿ, ಮನಸ್ಸು ತಣ್ಣಗಾದ ಮೇಲೆ ಕಥೆಗೆ ಬಾಯಿ ತೆರೆಯಬೇಕೆಂದು ನನಗೆ ಕಲಿಸಿದವರು ಹೇಳಿದ್ದರು. ಐವತ್ತು ವರ್ಷ ಕಲ್ಲೇಶ್ವರನ ಗುಡಿಯ ಕಟ್ಟೆಯ ಮೇಲೆ ಕೂತು ಹಾಗೆಯೇ ಹೇಳಿಕೊಂಡು ಬಂದೆ. ಇವತ್ತು ದೀಪ ಹಚ್ಚಿದ್ದೇನೆ, ಹೆಸರೂ ಹೇಳಿದ್ದೇನೆ. ಮನಸ್ಸು ಮಾತ್ರ ತಣ್ಣಗಾಗಿಲ್ಲ. ಆಗುವವರೆಗೆ ಕಾದರೆ ಈ ಕಥೆ ನನ್ನ ಜೊತೆಯೇ ಹೋಗಿಬಿಡುತ್ತದೆ. ಅದಕ್ಕೇ ಸಿಟ್ಟಿನಲ್ಲೇ ಹೇಳುತ್ತಿದ್ದೇನೆ, ಶಿವ ಮನ್ನಿಸಲಿ.

ನಮ್ಮೂರಲ್ಲಿ ಒಂದೇ ಕೆಲಸಕ್ಕೆ ಎರಡು ಬಗೆಯ ವಸ್ತು ಬಂದಾಗ, ಬೇಕಾದ್ದನ್ನು ಕಣ್ಣಿಗೊತ್ತಿಕೊಳ್ಳುತ್ತೇವೆ, ಅದನ್ನು ಮುಟ್ಟಿದ ಕೈಯನ್ನು ಒತ್ತಿಕೊಂಡರೂ ಸಾಕು. ಒತ್ತಿಕೊಂಡ ಮೇಲೆ ಇನ್ನೊಂದು ನಮಗೆ ಕಾಣುವುದಿಲ್ಲ. ಒತ್ತಿಕೊಂಡದ್ದನ್ನು ಬದಲಾಯಿಸಿದವರು ಯಾರೂ ಇಲ್ಲ. ನಾನು ಇದೇ ಊರಿನ ಇನ್ನೊಂದು ಕೇರಿಯಿಂದ ಮದುವೆಯಾಗಿ ಬಂದಾಗ ಹಿತ್ತಾಳೆ ಬಿಂದಿಗೆಯನ್ನು ಕಣ್ಣಿಗೊತ್ತಿಕೊಂಡವಳು, ನಮ್ಮ ಮನೆಯವರು ತಾಮ್ರದ್ದನ್ನು ಒತ್ತಿಕೊಂಡವರು. ಅವರ ತಾಮ್ರದ ಬಿಂದಿಗೆಯನ್ನು ನಾನು ಒಂದು ದಿನವೂ ನೋಡಲಿಲ್ಲ. ನೀರು ತುಂಬಿದಾಗ ಆ ನೀರು ದುಂಡಗೆ, ಒಲೆಯ ಪಕ್ಕ, ಬರೀ ಗಾಳಿಯಲ್ಲಿ ನಿಂತಿರುವುದು ಕಾಣುತ್ತಿತ್ತು, ಅಷ್ಟೇ. ಖಾಲಿಯಿದ್ದಾಗ ಕೈಯಾಡಿಸಿ ಹುಡುಕುತ್ತಿದ್ದೆ. ಎಷ್ಟು ಸಲ ಕಾಲೆಡವಿದ್ದೇನೋ. ಆದರೂ ನಲವತ್ತು ವರ್ಷ ಅದನ್ನು ಹುಣಸೆಹಣ್ಣು ಹಾಕಿ ತಿಕ್ಕಿದ್ದೇನೆ. ಥಳಥಳ ಅನ್ನುತ್ತೆ ಎಂದು ಅವರು ಹೇಳುತ್ತಿದ್ದರು, ನಾನು ನಂಬುತ್ತಿದ್ದೆ.

ನಾನು ಇದನ್ನು ದೇವರ ಕರುಣೆಯೆಂದೇ ತಿಳಿದವಳು. ಬಿಟ್ಟದ್ದು ಕಣ್ಣಿಗೆ ಬೀಳದಿದ್ದರೆ ಹಂಬಲವಿಲ್ಲ, ಪಕ್ಕದ ಮನೆಯ ಮೇಲೆ ಹೊಟ್ಟೆಕಿಚ್ಚಿಲ್ಲ. ಆದರೆ ಅದರೊಳಗೆ ಒಂದು ಮಾತಿತ್ತು. ಯಾರೂ ಯಾರಿಗೂ ಹೇಳಿಕೊಡಬೇಕಾಗಿರದ ಮಾತು ಅದು. ಕಣ್ಣು ನಮ್ಮದು, ಒತ್ತಿಕೊಳ್ಳುವ ಕೈಯೂ ನಮ್ಮದೇ ಆಗಿರಬೇಕು.

ಈಗ ತಿಪ್ಪಕ್ಕನ ವಿಷಯ. ತಿಪ್ಪಕ್ಕ ನನ್ನ ಓರಗಿತ್ತಿ, ನಮ್ಮ ಭಾವನವರ ಹೆಂಡತಿ. ಗುಡಿಯ ಕಟ್ಟೆಯ ಮೇಲೆ ಯಾವ ಕಾಲದಲ್ಲೋ ಯಾರೋ ಕೊರೆದ ಚೌಕಾಬಾರದ ಮನೆಗಳಿವೆ. ಐದೈದರ ಇಪ್ಪತ್ತೈದು ಮನೆ. ಮಧ್ಯಾಹ್ನ ಪಾತ್ರೆ ತೊಳೆದಿಟ್ಟು ನಾವಿಬ್ಬರೂ ಅಲ್ಲಿ ಕೂತರೆ ದನ ಮನೆಗೆ ಬರುವವರೆಗೂ ಏಳುತ್ತಿರಲಿಲ್ಲ. ಜಗಳ ಆಡಿದ್ದೇವೆ, ಕವಡೆ ಎಸೆದಿದ್ದೇವೆ, ಒಂದು ಸಲ ಹದಿನೈದು ದಿನ ಮಾತು ಬಿಟ್ಟಿದ್ದೇವೆ. ಮಾತು ಬಿಟ್ಟಾಗಲೂ ಆಟ ಬಿಟ್ಟಿರಲಿಲ್ಲ. ಎರಡು ವರ್ಷದ ಹಿಂದೆ ಅಕ್ಕನ ಮಂಡಿ ಬಿದ್ದುಹೋಯಿತು. ಕೆರೆಯ ಆಚೆ ದಡದ ಕೇರಿಯಲ್ಲಿರುವ ಮಗಳು ಬಂದು ಕರೆದುಕೊಂಡು ಹೋದಳು. ಕೆರೆಯ ಏರಿ ಒಂದು ಮೈಲಿ. ಗಾಡಿ ಹೋಗುವಷ್ಟು ಅಗಲವಿಲ್ಲ. ನನಗೆ ಉಬ್ಬಸ. ನಾಲ್ಕು ಕಡೆ ಕೂತು ತಿಂಗಳಿಗೊಮ್ಮೆ ಹೋಗಿ ಬರುತ್ತೇನೆ, ಬಂದ ಮೇಲೆ ಎರಡು ದಿನ ಮಲಗುತ್ತೇನೆ. ಫೋನು ಇದೆ ಅನ್ನಬೇಡಿ. ನನಗೆ ಕಿವಿ ಮಂದ, ಅಕ್ಕ ಅತ್ತ ಕಿರುಚಿದ್ದು ನನಗೆ ಇತ್ತ ಕೊಳಲು ಊದಿದ ಹಾಗೆ ಕೇಳುತ್ತದೆ.

ಹೀಗಿರುವಾಗ ಈ ವರ್ಷ ಊರಿಗೆ ಕೈಯಲ್ಲಿ ಹಿಡಿದು ಆಡುವ ಗೇಮುಗಳು ಬಂದವು. ಒಂದಲ್ಲ, ಎರಡು ಬಗೆ. ಗುಡಿಯ ಎದುರಿನ ಉಮಾಪತಿಯ ಅಂಗಡಿಗೆ ಆನೆ ಎಂಬ ಹೆಸರಿನದು ಬಂತು. ಎರಡು ಬಾಗಿಲು ದಾಟಿ ವನಜಾಕ್ಷಿಯ ಅಂಗಡಿಗೆ ಗುಬ್ಬಿ ಎಂಬುದು ಬಂತು. ಎರಡರಲ್ಲೂ ಚೌಕಾಬಾರವಿತ್ತು. ಎರಡರಲ್ಲೂ ದೂರದೂರ ಕೂತವರು ಜೊತೆಗೆ ಆಡಬಹುದಿತ್ತು. ಆದರೆ ಗುಬ್ಬಿಯವರು ಗುಬ್ಬಿಯವರ ಜೊತೆ, ಆನೆಯವರು ಆನೆಯವರ ಜೊತೆ. ಒಂದರ ಮಾತು ಇನ್ನೊಂದಕ್ಕೆ ತಿಳಿಯದು. ಕಣ್ಣಿಗೊತ್ತಿಕೊಳ್ಳುವವರೆಗೆ ಯಾವುದನ್ನಾದರೂ ಮನೆಗೊಯ್ದು ಎಂಟು ದಿನ ಆಡಿ ನೋಡಬಹುದು, ಅದು ಎರಡೂ ಅಂಗಡಿಯವರು ಒಪ್ಪಿದ ಪದ್ಧತಿ.

ನಾವು ಹದಿನಾರು ದಿನ ನೋಡಿದೆವು. ಅಕ್ಕನ ಮೊಮ್ಮಗಳು ಗಿರಿಜೆ ಸೈಕಲ್ಲಿನಲ್ಲಿ ಅತ್ತಿತ್ತ ತಂದುಕೊಟ್ಟಳು. ನನಗೆ, ನಿಜ ಹೇಳಬೇಕೆಂದರೆ, ಆನೆಯೇ ಹಿಡಿಸಿತ್ತು. ಅದರ ಪರದೆ ಅಗಲ, ಕವಡೆ ಉರುಳಿದರೆ ಕವಡೆಯ ಹಲ್ಲು ಸಹ ಕಾಣುತ್ತಿತ್ತು. ಭಾರವೇನೋ ಇತ್ತು. ಅರ್ಧ ಗಂಟೆ ಹಿಡಿದರೆ ಮಣಿಕಟ್ಟು ನೋಯುತ್ತಿತ್ತು. ಮಧ್ಯಾಹ್ನಕ್ಕೇ ಚಾರ್ಜು ಮುಗಿಯುತ್ತಿತ್ತು. ಗುಬ್ಬಿ ಅಂಗೈಯಗಲ, ಪರದೆ ವೀಳ್ಯದೆಲೆಯಷ್ಟು. ಆದರೆ ಅದಕ್ಕೊಂದು ಗುಣವಿತ್ತು. ಗರ ಎಷ್ಟು ಬಿತ್ತೋ ಅಷ್ಟು ಸಲ ಕೈಯಲ್ಲಿ ನಡುಗುತ್ತಿತ್ತು. ಮೂರು ಬಿದ್ದರೆ ಮೂರು ಸಲ. ಒಂದು ಗಳಿಗೆ ಸುಮ್ಮನಿದ್ದು, ಎದುರಿನವರು ಎಷ್ಟನೆಯ ಕಾಯಿ ನಡೆಸಿದರೋ ಮತ್ತೆ ಅಷ್ಟು ಸಲ ನಡುಗುತ್ತಿತ್ತು. ಅಕ್ಕನಿಗೆ ಎರಡೂ ಕಣ್ಣಿಗೆ ಪೊರೆ ಬಂದಿದೆ.

"ನಿಂಗೆ ಆನೆ ಬೇಕಾದ್ರೆ ಆನೇನೇ ತಗೊಳ್ಳೋಣ ಕಣೆ ಹಾಲಿ," ಎಂದು ಗಿರಿಜೆಯ ಕೈಲಿ ಹೇಳಿ ಕಳಿಸಿದಳು. "ನಾನು ಹೆಂಗೋ ಕಣ್ಣು ಕಿರಿದು ಮಾಡ್ಕೊಂಡು ನೋಡ್ತೀನಿ. ನಿಂಗೆ ಸೋಲೋಕೆ ದೊಡ್ಡ ಪರದೆ ಬೇಕಲ್ಲ."

ನಾನು ಗುಬ್ಬಿಯೇ ಸರಿ ಎಂದು ಹೇಳಿ ಕಳಿಸಿದೆ. ಸೋಮವಾರ ಸಂಜೆ ಮಂಗಳಾರತಿಯ ಗಂಟೆ ಕೆರೆ ದಾಟಿ ಕೇಳುತ್ತದೆ. ಆ ಗಂಟೆಗೆ ಅಕ್ಕ ಅಲ್ಲಿ ಒತ್ತಿಕೊಳ್ಳಬೇಕು, ನಾನು ಇಲ್ಲಿ ಆರತಿ ತೆಗೆದುಕೊಂಡು, ದೇವರ ಮುಂದೆಯೇ ಒತ್ತಿಕೊಳ್ಳಬೇಕು. ಹೀಗೆಂದು ನಿಶ್ಚಯವಾಯಿತು.

ಆ ಬೆಳಿಗ್ಗೆಯೇ ನಾನು ಆನೆಯನ್ನು ಒರೆಸಿ, ಬಟ್ಟೆಯಲ್ಲಿ ಸುತ್ತಿ ಉಮಾಪತಿಯ ಅಂಗಡಿಗೆ ಕೊಟ್ಟುಬಂದೆ.

"ಯಾಕವ್ವ, ಹಿಡಿಸ್ಲಿಲ್ವಾ?"

"ಹಿಡಿಸ್ತಪ್ಪ. ಆದ್ರೆ ಬೇಡ. ನಾನೂ ಅಕ್ಕನೂ ಗುಬ್ಬಿ ಅಂತ ಮಾತಾಡ್ಕೊಂಡಿದೀವಿ."

"ಆಗ್ಲಿ ಬಿಡವ್ವ. ಎಲ್ಲಾ ಅವನಿಚ್ಛೆ," ಎಂದು ಗುಡಿಯ ಕಡೆ ಕೈಮುಗಿದ. ಎಷ್ಟು ಒಳ್ಳೆಯ ಹುಡುಗ ಎಂದುಕೊಂಡು ಬಂದೆ. ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಸಂಜೆ ಚೀಲದಲ್ಲಿ ಗುಬ್ಬಿ ಇಟ್ಟುಕೊಂಡು ಗುಡಿಗೆ ಹೋದೆ. ಜನ ಬಹಳವಿತ್ತು. ಅವರಲ್ಲಿ ಎರಡರ ನಡುವೆ ಇನ್ನೂ ತೀರ್ಮಾನಿಸದವರೇ ಹೆಚ್ಚು. ಗಂಟೆ ಬಾರಿಸಿದರು. ಕೆರೆಯಾಚೆ ಅಕ್ಕ ಈಗ ಗುಬ್ಬಿಯನ್ನು ಕಣ್ಣಿಗೊತ್ತಿಕೊಂಡಿರುತ್ತಾಳೆ ಎಂದು ನೆನೆದು ನಗು ಬಂತು. ಐನೋರು ಮಂಗಳಾರತಿ ತಟ್ಟೆ ತಂದರು. ನಮ್ಮ ಗುಡಿಯಲ್ಲಿ ಉರಿಯ ಮೇಲೆ ಕೈಯಾಡಿಸಿದ ಮೇಲೆ ತಟ್ಟೆಯಲ್ಲಿರುವ ಹೂವಿನ ರಾಶಿಯನ್ನು ಮುಟ್ಟಿ, ಆ ಕೈಯನ್ನು ಕಣ್ಣಿಗೊತ್ತಿಕೊಳ್ಳಬೇಕು. ಊರಿನ ಅರ್ಧ ಮಕ್ಕಳಿಗೆ ಅದನ್ನು ಕಲಿಸಿದವಳು ನಾನೇ. "ಬೇಗ ಮುಟ್ಟಬಾರ್ದು, ಹೂವಿನೊಳಕ್ಕೆ ಬೆರಳು ಇಳಿಬೇಕು, ಆಗ್ಲೇ ದೇವ್ರಿಗೆ ಗೊತ್ತಾಗೋದು," ಎಂದು ಅವರ ಕೈ ಹಿಡಿದು ಹೇಳಿಕೊಟ್ಟವಳು. ಕಣ್ಣು ಮುಚ್ಚಿಕೊಂಡು ಹೂವಿನೊಳಗೆ ಬೆರಳು ಇಳಿಸಿದೆ. ಕೆಳಗೆ ತಣ್ಣಗೆ, ನುಣ್ಣಗೆ ಏನೋ ತಗುಲಿತು. ತಟ್ಟೆಯಲ್ಲ ಇದು ಎಂದು ಹೊಳೆಯುವಷ್ಟರಲ್ಲಿ ಕೈ ಕಣ್ಣಿನ ಮೇಲಿತ್ತು. ಎಪ್ಪತ್ತು ವರ್ಷದ ಅಭ್ಯಾಸ, ಅದು ನನ್ನನ್ನು ಕೇಳಿ ಮಾಡುವುದಿಲ್ಲ.

ಕಣ್ಣು ತೆರೆದು ಚೀಲದೊಳಗೆ ನೋಡಿದೆ. ಚೀಲದ ತಳ ಕಂಡಿತು. ಅದರಲ್ಲಿ ವಿಭೂತಿಯ ಪೊಟ್ಟಣವಿತ್ತು, ಮನೆಯ ಬೀಗದಕೈ ಇತ್ತು. ಅವೆರಡರ ನಡುವೆ ಬಟ್ಟೆ ತಗ್ಗಾಗಿ, ಏನೋ ಭಾರ ಕೂತ ಹಾಗೆ ಜಗ್ಗಿಕೊಂಡಿತ್ತು. ಕೈ ಹಾಕಿದೆ. ಗುಬ್ಬಿ ಇತ್ತು. ಬೆರಳಿಗೆ ಸಿಕ್ಕಿತು, ಕಣ್ಣಿಗೆ ಇಲ್ಲ.

ಅಲ್ಲೇ ಕುಸಿದು ಕೂತೆ. ಯಾರೋ ನೀರು ಕೊಟ್ಟರು. ಉಬ್ಬಸ ಎಂದುಕೊಂಡರು. ಐನೋರ ತಟ್ಟೆ ಮುಂದಿನವರಿಗೆ ಹೋಯಿತು, ಅದರ ಮುಂದಿನವರಿಗೆ ಹೋಯಿತು. ನಿಲ್ಲಿಸಿ ಎನ್ನಲು ನನಗೆ ಉಸಿರಿರಲಿಲ್ಲ. ಆ ಸಂಜೆ ನಲವತ್ತಕ್ಕೂ ಹೆಚ್ಚು ಜನ ಹಾಗೆ ಆನೆಯವರಾದರು.

ಮರುದಿನ ಬೆಳಿಗ್ಗೆ ಉಮಾಪತಿಯ ಅಂಗಡಿಯ ಮುಂದೆ ಸಾಲು ನಿಂತಿತ್ತು. ವನಜಾಕ್ಷಿಯ ಅಂಗಡಿಯಲ್ಲಿ ನನ್ನ ಕಣ್ಣಿಗೆ ಬರೀ ಹಲಗೆಗಳು. ಆ ಹೆಂಗಸು ಬಟ್ಟೆ ಹಿಡಿದು ಗಾಳಿಯನ್ನು ಒರೆಸುತ್ತಾ ಕೂತಿದ್ದಳು. ನನ್ನನ್ನು ನೋಡಿ, "ನಿಮಗೂ ಕಾಣಿಸ್ತಿಲ್ವಾ ಹಾಲವ್ವ?" ಎಂದಳು. ನಾನು ತಲೆಯಾಡಿಸಿದೆ. ಅವಳು ಒರೆಸುವುದನ್ನು ಬಿಡಲಿಲ್ಲ.

ಊರ ಹಿರಿಯರು ಗುಡಿಯ ಕಟ್ಟೆಗೆ ಸೇರಿದರು. ಸೇರಿಸಿದವಳು ನಾನು, ಮನೆಮನೆಗೆ ಹೋಗಿ ಬಾಗಿಲು ಬಡಿದು. ಉಮಾಪತಿ ಬಂದ, ಬಿಳಿ ಅಂಗಿ, ಹಣೆಯ ಮೇಲೆ ಮೂರು ಬೆರಳು ವಿಭೂತಿ.

"ದೇವ್ರಿಗೆ ಕಾಣಿಕೆ ಇಟ್ಟೆ ಕಣವ್ವ," ಎಂದ. "ಹೊಸ ಮಾಲು ಬಂದಾಗ ಮೊದಲು ದೇವರ ತಟ್ಟೆಗೆ ಇಡೋದು ನಮ್ಮಪ್ಪನ ಕಾಲದಿಂದ್ಲೂ ಐತೆ. ಅದು ತಪ್ಪಾ?"

"ಹೂವಿನ ಕೆಳಗ್ಯಾಕೆ ಇಟ್ಟೆ?"

"ಮೇಲೆ ಇಟ್ರೆ ಕರ್ಪೂರದ ಶಾಖ ತಗಲ್ತಿತ್ತು."

ಒಂದಿಬ್ಬರು ನಕ್ಕರು. ನಾನು ಐನೋರ ಕಡೆ ತಿರುಗಿದೆ. ಅವರು ಶಲ್ಯ ಸರಿಮಾಡಿಕೊಂಡರು. "ನಾನು ಹೂವು ನೋಡ್ದೆ ತಾಯಿ. ಹೂವಿತ್ತು. ತಟ್ಟೆ ಸ್ವಲ್ಪ ಭಾರ ಅನ್ನಿಸ್ತು. ವಯಸ್ಸಾಯ್ತಲ್ಲ, ಎಲ್ಲಾ ಭಾರ ಅನ್ನಿಸುತ್ತೆ."

"ಅಲ್ಲ, ಹಾಲವ್ವ," ಎಂದರು ಹಿರಿಯರಲ್ಲಿ ಹಿರಿಯರಾದ ಗುರುಬಸಪ್ಪನವರು. ಅವರೂ ಆ ಸಂಜೆ ತಟ್ಟೆ ಮುಟ್ಟಿದವರೇ. "ಈಗ ಆಗಿದ್ದಾಯ್ತು. ಆನೆನೂ ಚೆನ್ನಾಗೇ ಐತೆ ಬಿಡು. ನಮ್ಮ ಮನೇಲಿ ಎಲ್ರೂ ಆಡ್ತಿದಾರೆ. ಇನ್ನೊಂದು ಹೆಂಗಿತ್ತು ಅನ್ನೋದು ನಂಗೆ ಜ್ಞಾಪಕಾನೂ ಇಲ್ಲ. ಕಾಣ್ದಿರೋದಕ್ಕೆ ಯಾಕೆ ಗುದ್ದಾಡ್ತೀಯ?"

ಸುತ್ತ ನೋಡಿದೆ. ಎಲ್ಲರ ಮುಖದಲ್ಲೂ ಅದೇ ಇತ್ತು. ಕೆಟ್ಟವರಲ್ಲ, ನನ್ನ ಬಾಯಿಂದ ಕಥೆ ಕೇಳಿ ಬೆಳೆದವರು. ಅವರಿಂದ ಏನು ಹೋಯಿತೋ ಅದು ಅವರ ಕಣ್ಣಿಗೆ ಕಾಣುತ್ತಿರಲಿಲ್ಲ, ಆದ್ದರಿಂದ ಹೋಗಿಲ್ಲ ಎಂದುಕೊಂಡಿದ್ದರು. ಯಾವುದನ್ನು ಕರುಣೆಯೆಂದು ನಾನೇ ಸಾರಿಕೊಂಡು ಬಂದಿದ್ದೆನೋ ಅದನ್ನು ಹಿಡಿದು ಈ ಅಂಗಡಿಯವನು ಜನರ ಬಾಯಿಗೆ ಬೀಗ ಹಾಕಿದ್ದ.

ಉಮಾಪತಿ ಮೆಲ್ಲಗೆ ಹತ್ತಿರ ಬಂದ. "ನೋಡವ್ವ, ನಿಮಗೆ ಬೇಜಾರಾಗಿದ್ರೆ ಒಂದು ಆನೆ ಸುಮ್ನೆ ಕೊಡ್ತೀನಿ. ನಮ್ಮ ಕಡೆ ಆಡೋರು ಎಷ್ಟು ಜನ ಇದಾರೆ, ಯಾರ ಜೊತೆ ಬೇಕಾದ್ರೂ ಆಡಿ."

"ಯಾರ ಜೊತೆ ಬೇಕಾದ್ರೂ ಆಡೋಕೆ ನಾನು ಆಟ ಕಲ್ತಿದ್ದಲ್ಲಪ್ಪ," ಎಂದೆ. "ಬೆಳಿಗ್ಗೆ ನಿನ್ನ ಅಂಗಡೀಲಿ ನಿಂತು ಬೇಡ ಅಂದೆ. ನೀನು ಕೇಳಿಸ್ಕೊಂಡೆ. ಸಂಜೆ ನನ್ನ ದೇವರ ತಟ್ಟೆ ಒಳಗೆ ಕೈ ಇಟ್ಟು ಅದೇ ಬೇಡವನ್ನ ಹೌದು ಮಾಡಿದೆ. ಜೇಬಿಗೆ ಕೈ ಹಾಕಿದ್ರೆ ಕಳ್ಳ ಅಂತೀವಿ. ಇದಕ್ಕೆ ಏನಂತ ಕರೀಬೇಕು ಅನ್ನೋದು ನಂಗೆ ಗೊತ್ತಿಲ್ಲ, ಕಥೆ ಹೇಳೋಳಿಗೇ ಗೊತ್ತಿಲ್ಲ. ಅಕ್ಕ ಆ ಕಡೆ ಒತ್ಕೊಂಡು ಕೂತವಳೆ, ಉಮಾಪತಿ. ನನಗೆ ಕಾಯ್ತಾ ಕೂತವಳೆ."

ಅವನು ನೆಲ ನೋಡಿದ. ನಾಚಿಕೆಯಿಂದಲೋ, ಮುಗಿಯಲಿ ಎಂದೋ ಗೊತ್ತಾಗಲಿಲ್ಲ. ಅಂಗಡಿಯ ಮುಂದೆ ಜನ ಕಾಯುತ್ತಿದ್ದಾರೆ ಎಂದು ಹೊರಟುಹೋದ. ಸಭೆ ಹಾಗೆಯೇ ಕರಗಿತು.

ನಾನು ಒಳಗೆ ಹೋಗಿ ಮಂಗಳಾರತಿ ತಟ್ಟೆಯನ್ನು ತಂದೆ. ಐನೋರು "ತಾಯಿ, ಅದನ್ನ ನಾನೇ..." ಎಂದರು. ಮಾತಾಡಬೇಡಿ ಎಂದು ಕೈ ಎತ್ತಿದೆ. ಬಾವಿಯ ಕಟ್ಟೆಯ ಮೇಲೆ ಕೂತು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿದೆ. ಒಂದು ಸಲ ತಿಕ್ಕಿ ತೊಳೆದೆ, ಮತ್ತೆ ತಿಕ್ಕಿದೆ, ಮೂರನೆಯ ಸಲ ಬೆರಳ ತುದಿ ಉರಿಯತೊಡಗಿತು. ಕಲ್ಲೇಶ್ವರನಿಗೆ ಒಂದು ಮಾತು ಹೇಳಿದೆ, ಅದು ನನಗೂ ಅವನಿಗೂ ಸೇರಿದ್ದು. ಒಳ್ಳೆಯ ಮಾತಲ್ಲ.

ಮರುದಿನ ಏರಿಯ ಮೇಲೆ ಹೊರಟೆ. ನಾಲ್ಕು ಕಡೆಯಲ್ಲ, ಏಳು ಕಡೆ ಕೂತೆ. ಅಕ್ಕ ಜಗಲಿಯ ಮಂಚದ ಮೇಲೆ, ಮಂಡಿಗೆ ಎಕ್ಕದೆಲೆ ಕಟ್ಟಿಕೊಂಡು, ಎರಡೂ ಕೈಯನ್ನು ಮಡಿಲಲ್ಲಿ ಮುಂದೆ ಚಾಚಿ ಕೂತಿದ್ದಳು. ಕೈ ನಡುವೆ ಏನೂ ಇರಲಿಲ್ಲ. ನನ್ನ ಕಣ್ಣಿಗೆ ಮಾತ್ರ ಏನೂ ಇರಲಿಲ್ಲ.

"ಬಂದ್ಯಾ," ಎಂದಳು. "ಎರಡು ದಿನದಿಂದ ಒತ್ತೀನಿ, ಒತ್ತೀನಿ, ಆ ಕಡೆಯಿಂದ ಸದ್ದೇ ಇಲ್ಲ. ಸತ್ತ್ಯೇನೋ ಅಂದ್ಕೊಂಡೆ. ಇಲ್ಲಾ ಸೋಲ್ತೀನಿ ಅಂತ ಹೆದರ್ಕೊಂಡಿದ್ಯಾ?"

ಅವಳ ಬಾಯಿ ನನ್ನ ಕಿವಿಗೆ ಹತ್ತಿರವಿದ್ದರೆ ನನಗೆ ಕೇಳುತ್ತದೆ. ಪಕ್ಕದಲ್ಲಿ ಕೂತು ಎಲ್ಲವನ್ನೂ ಹೇಳಿದೆ. ಅಕ್ಕ ಪೂರ್ತಿ ಕೇಳಿದಳು. ಉಮಾಪತಿಗೆ ಅವಳು ಬೈದ ಬೈಗುಳವನ್ನು ಇಲ್ಲಿ ಹೇಳುವ ಹಾಗಿಲ್ಲ, ಆದರೆ ಕೇಳಿ ನನ್ನ ಎದೆ ಅರ್ಧ ಹಗುರಾಯಿತು.

"ಆಮೇಲೆ?" ಎಂದಳು.

"ಆಮೇಲೆ ಏನು? ಮುಗೀತು. ನಂಗೆ ಗುಬ್ಬಿ ಕಾಣಲ್ಲ."

"ಎಲ್ಲೈತೆ ಅದು?"

"ಚೀಲದಾಗೆ."

"ತೆಗಿ."

ತೆಗೆದೆ. ಖಾಲಿ ಕೈಯನ್ನು ಚಾಚಿದ ಹಾಗೆ ಕಂಡಿತು. ಅಕ್ಕ ತನ್ನ ಗುಬ್ಬಿಯ ಗುಂಡಿ ಒತ್ತಿದಳು ಎಂದು ಕಾಣುತ್ತದೆ. ನನ್ನ ಕೈಯೊಳಗೆ ಏನೋ ನಡುಗಿತು. ಒಂದು, ಎರಡು, ಮೂರು.

"ಎಷ್ಟು?" ಎಂದಳು.

"ಮೂರು."

"ನನಗೆ ಪೊರೆ ಬಂದು ಎಷ್ಟು ವರ್ಷ ಆಯ್ತೇ ಹಾಲಿ? ನಾನೇನು ಆ ವೀಳ್ಯದೆಲೆಯಷ್ಟು ಪರದೆ ನೋಡ್ಕೊಂಡು ಆಡ್ತೀನಿ ಅಂದ್ಕೊಂಡಿದ್ಯಾ? ನಿನ್ನ ಗಂಡನ ತಾಮ್ರದ ಬಿಂದಿಗೆ ನಲವತ್ತು ವರ್ಷ ತಿಕ್ಕಿದ್ಯಲ್ಲ, ಅದೇನು ಕಾಣ್ತಿತ್ತಾ? ಎಷ್ಟು ಥಳಥಳ ಅಂತಿತ್ತು ಗೊತ್ತಾ. ನಾನು ನೋಡಿದೀನಿ. ನಾನೂ ತಾಮ್ರದೋಳೇ."

ನಾನು ಅತ್ತೆ. ಅಕ್ಕ ಸೆರಗಿನಿಂದ ನನ್ನ ಮುಖ ಒರೆಸಲಿಲ್ಲ, ಅಂಥವಳಲ್ಲ. "ಅಳೋದು ಆಯ್ತಾ? ಆಯ್ತು ಅಂದ್ರೆ ಮನೆಗೆ ನಡಿ. ಇಲ್ಲಿ ಎದುರೆದುರು ಕೂತು ಆಡೋಕೆ ಇದನ್ನ ತಗೊಂಡ್ವಾ?" ಎಂದಳು.

ಆ ಮುಂದಿನ ಸೋಮವಾರ ಮಧ್ಯಾಹ್ನವೇ ಹೋಗಿ ನಾನು ಗುಡಿಯ ಕಟ್ಟೆಯ ಮೇಲೆ, ನಮ್ಮ ಹಳೆಯ ಚೌಕಾಬಾರದ ಮನೆಗಳ ಮುಂದೆ ಕೂತೆ. ಕಲ್ಲನ್ನು ನೀರು ಹಾಕಿ ತೊಳೆದೆ. ನನ್ನ ಕಡೆಗೆ ನಾಲ್ಕು ಹುಣಸೆಬೀಜ, ಅಕ್ಕನ ಕಡೆಗೆ ನಾಲ್ಕು ಬಳೆಚೂರು ಇಟ್ಟೆ. ಎಡಗೈಯಲ್ಲಿ ಗುಬ್ಬಿ. ನಡುಗಿದಷ್ಟು ಎಣಿಸಿ, ಅಕ್ಕನ ಬಳೆಚೂರನ್ನು ಕಲ್ಲಿನ ಮೇಲೆ ನಡೆಸಿದೆ. ನನ್ನ ಸರದಿ ಬಂದಾಗ ಹೆಬ್ಬೆರಳಿನಿಂದ ಗುಂಡಿ ಹುಡುಕಿ ಒತ್ತಿದೆ. ಮೊದಮೊದಲು ಎರಡು ಸಲ ತಪ್ಪು ಗುಂಡಿ ಒತ್ತಿ ಕಾಯಿ ಕಳೆದುಕೊಂಡೆ. ಆಮೇಲೆ ಬೆರಳಿಗೆ ದಾರಿ ಸಿಕ್ಕಿತು.

ಎದುರಿಗೇ ಉಮಾಪತಿಯ ಅಂಗಡಿ. ಒಬ್ಬ ಮುದುಕಿ ಖಾಲಿ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು, ತುಟಿಯಲ್ಲಿ ಎಣಿಸುತ್ತಾ, ಕಲ್ಲಿನ ಮೇಲೆ ಎರಡೂ ಕಡೆಯ ಕಾಯಿ ತಾನೇ ನಡೆಸುತ್ತಿರುವುದು ಅವನಿಗೆ ಕಾಣುತ್ತಿತ್ತು. ಸಾಲಿನಲ್ಲಿ ನಿಂತಿದ್ದವರು ಒಬ್ಬೊಬ್ಬರಾಗಿ ಬಂದು ಸುತ್ತ ನಿಂತರು. ಗುರುಬಸಪ್ಪನವರೂ ಬಂದರು.

"ಏನ್ ಮಾಡ್ತಿದೀಯ ಹಾಲವ್ವ?"

"ಆಡ್ತಿದೀನಿ."

"ಯಾರ ಜೊತೆ?"

"ತಿಪ್ಪಕ್ಕನ ಜೊತೆ."

ಅವರು ಕಲ್ಲು ನೋಡಿದರು, ನನ್ನ ಕೈ ನೋಡಿದರು, ಕೆರೆಯ ಆಚೆ ನೋಡಿದರು. "ಅದು ಸಣ್ಣಕಿತ್ತಲ್ವಾ? ಕೈಯಾಗೆ ನಡುಗೋದು?" ಎಂದರು. ಹಾಗೇ ಮೆಟ್ಟಿಲ ಮೇಲೆ ಕೂತರು.

ಸಂಜೆ ಗಂಟೆಯಾಯಿತು. ಆಟ ನಿಲ್ಲಿಸಿ ಒಳಗೆ ಹೋಗಿ ಸಾಲಿನಲ್ಲಿ ನಿಂತೆ. ಐನೋರು ತಟ್ಟೆ ತಂದರು. ಕೈ ತಾನಾಗಿ ಮುಂದಕ್ಕೆ ಹೋಯಿತು, ಅದನ್ನು ಹಿಡಿದು ನಿಲ್ಲಿಸಿದೆ. "ಹೂವು ಪಕ್ಕಕ್ಕೆ ಸರಿಸ್ರಿ ಐನೋರೆ," ಎಂದೆ. ಅವರು ಸರಿಸಿದರು. ಬರೀ ತಟ್ಟೆಯಿತ್ತು, ನಾನು ತಿಕ್ಕಿದ್ದು ಹೊಳೆಯುತ್ತಿತ್ತು. ಆಮೇಲೆ ಮುಟ್ಟಿದೆ. ನನ್ನ ಹಿಂದೆ ನಿಂತಿದ್ದ ಹೆಣ್ಣುಮಗಳೂ "ಸರಿಸ್ರಿ" ಎಂದಳು, ಅವಳ ಹಿಂದಿನವರೂ ಅಂದರು. ಆ ಸಂಜೆ ಮಂಗಳಾರತಿ ಮುಗಿಯುವುದಕ್ಕೆ ಬಹಳ ಹೊತ್ತು ಹಿಡಿಯಿತು. ಈಗ ಪ್ರತಿ ಸೋಮವಾರವೂ ಹಿಡಿಯುತ್ತದೆ. ಎಪ್ಪತ್ತು ವರ್ಷ ಕಣ್ಣು ಮುಚ್ಚಿ ಮುಟ್ಟಿದ್ದನ್ನು ಈಗ ಕಣ್ಣು ಬಿಟ್ಟು ಮುಟ್ಟಬೇಕಾಗಿದೆ. ಇದೊಂದನ್ನು ಉಮಾಪತಿಗೆ ನಾನು ಯಾವತ್ತೂ ಕ್ಷಮಿಸುವುದಿಲ್ಲ. ಕ್ಷಮಿಸು ಎಂದು ಕಲ್ಲೇಶ್ವರನೂ ಇದುವರೆಗೆ ಹೇಳಿಲ್ಲ.

ಹೊರಗೆ ಬಂದು ಮತ್ತೆ ಕಟ್ಟೆಯ ಮೇಲೆ ಕೂತೆ. ಜನ ಕಾಯುತ್ತಿದ್ದರು. ನನ್ನ ಮೂರು ಕಾಯಿ ನಡುಮನೆ ಸೇರಿ ಹಣ್ಣಾಗಿದ್ದವು, ಕೊನೆಯದು ಗೆಲುವಿಗೆ ಎರಡೇ ಮನೆ ದೂರ. ಅಕ್ಕನ ಕಾಯಿ ಎಂಟು ಮನೆ ಹಿಂದಿತ್ತು. ಕೈಯಲ್ಲಿ ನಡುಗಿತು. ಒಂದು, ಎರಡು, ಮೂರು, ನಾಲ್ಕು. ನಾಲ್ಕಕ್ಕೆ ನಿಲ್ಲಬಹುದು ಎಂದುಕೊಂಡೆ. ನಿಲ್ಲಲಿಲ್ಲ. ಐದು, ಆರು, ಏಳು, ಎಂಟು. ಬಾರ. ಬಳೆಚೂರು ಎತ್ತಿ ಮನೆಮನೆ ಎಣಿಸಿಕೊಂಡು ಬಂದೆ. ಸರಿಯಾಗಿ ನನ್ನ ಹುಣಸೆಬೀಜದ ಮೇಲೆ ಕೂತಿತು. ಅಕ್ಕನ ಬಳೆಚೂರಿನಿಂದ ನನ್ನ ಕಾಯನ್ನು ನಾನೇ ಕಡಿಯಬೇಕಾಯಿತು.

"ಮೋಸ ಕಣೇ ಅಕ್ಕ," ಎಂದು ಕೆರೆಯ ಕಡೆ ತಿರುಗಿ ಕೂಗಿದೆ. "ಐವತ್ತು ವರ್ಷದಿಂದ ನಿಂದು ಇದೇ ಮೋಸ."

ಅವಳಿಗೆ ಕೇಳಿಸಿರಲಾರದು. ಆದರೆ ಬಾರ ಬಿದ್ದವರಿಗೆ ಇನ್ನೊಂದು ಆಟವಿದೆ, ನನ್ನ ಖಾಲಿ ಕೈ ಮತ್ತೆ ನಡುಗತೊಡಗಿತ್ತು.